ನೀಲನಕ್ಷೆಯೂ ನಿಂತ ಮನೆಯೂ

‘ಅಭಿವೃದ್ಧಿಯ ನೀಲನಕ್ಷೆ’ ಎಂಬ ಮಾತನ್ನು ಪತ್ರಿಕೆಗಳಲ್ಲಿ ಆಗಾಗ ಓದುತ್ತೇವೆ. ನಕ್ಷೆ ನೀಲಿಯೇ ಏಕಾಯಿತು ಎಂದು ವಿದ್ಯಾರ್ಥಿಗಳು ಕೇಳುವುದು ಅಪರೂಪ. ಇದರ ಹಿಂದೆ ಸೊಗಸಾದ ದ್ಯುತಿರಾಸಾಯನಿಕ ಕ್ರಿಯೆಯೊಂದಿದೆ. ಹೊಸ ಮನೆ ಕಟ್ಟಿಸಿದವರು ಇಂದಿಗೂ ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದೂ ಇದೆ: ಕೈಯಲ್ಲಿರುವ ನಕ್ಷೆ ಕಣ್ಣೆದುರು ನಿಂತಿರುವ ಮನೆಯದೇ?

ಯುರೇನಸ್ ಗ್ರಹವನ್ನು ಕಂಡುಹಿಡಿದ ವಿಲಿಯಂ ಹರ್ಷೆಲ್‌ನ ಮಗ ಜಾನ್ ಹರ್ಷೆಲ್. ಇವನು 1842ರಲ್ಲಿ ಕಬ್ಬಿಣದ ಲವಣಗಳ ಮೇಲೆ ಬೆಳಕಿನ ಪರಿಣಾಮವನ್ನು ಅಭ್ಯಸಿಸುತ್ತಿದ್ದ. ಫೆರಿಕ್ ಅಮೋನಿಯಂ ಸಿಟ್ರೇಟ್ ಮತ್ತು ಪೊಟ್ಯಾಸಿಯಂ ಫೆರಿಸೈನೈಡ್‌ಗಳ ದ್ರಾವಣವನ್ನು ಕಾಗದಕ್ಕೆ ಬಳಿದು ಬಿಸಿಲಿಗೊಡ್ಡಿದರೆ, ಅತಿನೇರಿಳೆ ಕಿರಣಗಳಿಂದ ಫೆರಿಕ್ ಅಯಾನು ಫೆರಸ್ ಆಗಿ, ನೀರಿನಲ್ಲಿ ಕರಗದ ಪ್ರಷ್ಯನ್ ನೀಲಿ ಉಂಟಾಗುತ್ತದೆ. ಪಾರದರ್ಶಕ ಹಾಳೆಯಲ್ಲಿ ಕಪ್ಪು ಮಸಿಯಿಂದ ಬರೆದ ನಕ್ಷೆಯನ್ನು ಈ ಕಾಗದದ ಮೇಲಿಟ್ಟರೆ, ಗೆರೆಗಳ ಅಡಿಯಲ್ಲಿ ಬೆಳಕು ತಾಗುವುದಿಲ್ಲ. ಅಲ್ಲಿನ ಲವಣ ತೊಳೆದಾಗ ಹೋಗಿಬಿಡುತ್ತದೆ. ನೀಲಿ ಹಿನ್ನೆಲೆಯಲ್ಲಿ ಬಿಳಿ ಗೆರೆಗಳು ಉಳಿಯುತ್ತವೆ.

ಅದುವರೆಗೆ ಪ್ರತಿಯೊಂದು ನಕಲನ್ನೂ ಕೈಯಿಂದಲೇ ಬರೆಯಬೇಕಿತ್ತು. ಬರೆದಷ್ಟೂ ಸಲ ತಪ್ಪು ನುಸುಳುತ್ತಿತ್ತು. 1870ರ ದಶಕದಿಂದ ನೀಲನಕ್ಷೆ ಕಟ್ಟಡದ ಕೆಲಸದಲ್ಲಿ ಬಳಕೆಗೆ ಬಂದು ಈ ಕಾಟ ತಪ್ಪಿಸಿತು. ಆದರೆ ಹೊಸದೊಂದು ದೋಷ ಬಂತು. ತೋಯ್ದು ಒಣಗಿದ ಕಾಗದ ಕುಗ್ಗುತ್ತದೆ, ಅದೂ ನಾರುಗಳ ದಿಕ್ಕಿನಲ್ಲಿ ಕಡಿಮೆ, ಅಡ್ಡ ದಿಕ್ಕಿನಲ್ಲಿ ಹೆಚ್ಚು. 1:100 ಪ್ರಮಾಣದ ನಕ್ಷೆಯಲ್ಲಿ 4 ಮೀಟರ್ ಕೋಣೆ 40 ಮಿಲಿಮೀಟರ್ ಇರುತ್ತದೆ. ಶೇಕಡ 1ರಷ್ಟು ಕುಗ್ಗಿದರೂ ಪಟ್ಟಿಯಿಟ್ಟು ಅಳೆದವನಿಗೆ ಕೋಣೆ 4 ಸೆಂಟಿಮೀಟರ್ ಕಿರಿದಾಗಿ ಕಾಣುತ್ತದೆ. ನಕ್ಷೆಯನ್ನು ಅಳೆಯಬೇಡಿ, ಬರೆದ ಅಂಕಿಯನ್ನೇ ಅನುಸರಿಸಿ ಎಂಬ ಎಂಜಿನಿಯರುಗಳ ನಿಯಮದ ಹಿಂದೆ ಇಂಥ ಅನುಭವವೂ ಇದೆ.

ಮುಂದೆ ನೀರಿನ ಗೊಡವೆಯಿಲ್ಲದ ಡಯಜೋ ವಿಧಾನ ಬಂತು. ನಮ್ಮ ಕಚೇರಿಗಳಲ್ಲಿ ‘ಅಮೋನಿಯಾ ಪ್ರಿಂಟ್’ ಎನ್ನುತ್ತಿದ್ದುದು ಇದನ್ನೇ. ಈಗ ಗಣಕದ ಕಾಲ. ನಕಲು ಮೂಲಕ್ಕೆ ನಿಷ್ಠವಾಗಿದೆ, ಸರಿ. ಮೂಲ ಮನೆಗೆ ನಿಷ್ಠವಾಗಿದೆಯೆ?

ಲಂಡನ್ನಿನ ಪೂರ್ವಭಾಗದಲ್ಲಿದ್ದ ರೋನನ್ ಪಾಯಿಂಟ್ ಎಂಬ 22 ಅಂತಸ್ತುಗಳ ವಸತಿ ಕಟ್ಟಡ ಇದಕ್ಕೆ ಕಹಿ ಉದಾಹರಣೆ. ಕಾರ್ಖಾನೆಯಲ್ಲಿ ಎರಕ ಹೊಯ್ದ ಕಾಂಕ್ರೀಟ್ ಫಲಕಗಳನ್ನು ತಂದು ಜೋಡಿಸಿ ಕಟ್ಟಿದ್ದರು. ಜನ ವಾಸಕ್ಕೆ ಬಂದು ಕೆಲವೇ ವಾರಗಳಾಗಿದ್ದವು. 1968ರ ಮೇ 16ರ ಬೆಳಗ್ಗೆ 18ನೆಯ ಅಂತಸ್ತಿನಲ್ಲಿ ಅಡುಗೆ ಅನಿಲ ಸ್ಫೋಟಿಸಿತು. ಹೊರಗೋಡೆಯ ಫಲಕ ಹಾರಿಹೋಗಿ, ಅದರ ಆಧಾರದಲ್ಲಿದ್ದ ಮೇಲಿನ ಭಾಗ ಕುಸಿದು, ಆ ಹೊಡೆತಕ್ಕೆ ಕಟ್ಟಡದ ಒಂದು ಮೂಲೆಯೇ ಕೆಳಗಿನವರೆಗೆ ಉರುಳಿತು. ನಾಲ್ವರು ಸತ್ತರು. ವಿನ್ಯಾಸದಲ್ಲಿಯೇ ದೌರ್ಬಲ್ಯವಿತ್ತು, ನಿಜ. ಆದರೆ ಕಥೆ ಅಲ್ಲಿಗೇ ಮುಗಿಯಲಿಲ್ಲ. ಕಟ್ಟಡವನ್ನು ದುರಸ್ತಿ ಮಾಡಿ, ಬಲಪಡಿಸಿ, ಜನರನ್ನು ಮತ್ತೆ ಇರಿಸಲಾಯಿತು. 1986ರಲ್ಲಿ ಅದನ್ನು ಒಂದೊಂದೇ ಅಂತಸ್ತಾಗಿ ಬಿಚ್ಚಿದಾಗ, ನಕ್ಷೆಯ ಪ್ರಕಾರ ಗಾರೆ ಒತ್ತಾಗಿ ತುಂಬಿರಬೇಕಾದ ಸಂದುಗಳಲ್ಲಿ ಪೊಳ್ಳುಗಳು ಕಂಡವು. ಕೆಲವೆಡೆ ಹಳೆಯ ಪತ್ರಿಕೆಗಳನ್ನು ತುರುಕಲಾಗಿತ್ತು! ಯಾವ ನಕ್ಷೆಯಲ್ಲೂ ಅದು ಇರಲಿಲ್ಲ.

ಲಂಡನ್ನಿನ ಗ್ರೆನ್‌ಫೆಲ್ ವಸತಿಗೋಪುರದಲ್ಲಿ 2017ರಲ್ಲಿ ಬೆಂಕಿಗೆ 72 ಮಂದಿ ಬಲಿಯಾದ ಬಳಿಕ ಬ್ರಿಟನ್ 2022ರಲ್ಲಿ ಕಟ್ಟಡ ಸುರಕ್ಷತಾ ಕಾಯಿದೆ ತಂದಿತು. ಎತ್ತರದ ವಸತಿ ಕಟ್ಟಡಗಳ ನಿಜಸ್ಥಿತಿಯ ದಾಖಲೆಯನ್ನು ಗಣಕರೂಪದಲ್ಲಿ ಇಟ್ಟುಕೊಳ್ಳುವುದು ಇಂಗ್ಲೆಂಡಿನಲ್ಲಿ ಈಗ ಕಡ್ಡಾಯ.

ನಮ್ಮ ಮನೆಗಳು ಇಷ್ಟು ಎತ್ತರದವಲ್ಲ. ಆದರೂ ಮಂಜೂರಾದ ನಕ್ಷೆ ಒಂದು, ಕಟ್ಟಿದ ಮನೆ ಇನ್ನೊಂದು ಎಂಬುದು ಹೊಸತಲ್ಲ. ಮೇಸ್ತ್ರಿ ಕಿಟಕಿಯನ್ನು ಅರ್ಧ ಅಡಿ ಸರಿಸುತ್ತಾನೆ, ನಲ್ಲಿಯವನು ಪೈಪಿನ ದಾರಿ ಬದಲಿಸುತ್ತಾನೆ. ‘ಆ್ಯಸ್ ಬಿಲ್ಟ್’ ನಕ್ಷೆ, ಅಂದರೆ ಕಟ್ಟಿದಂತೆಯೇ ಬರೆದ ನಕ್ಷೆ, ಬೇಕಾಗುವುದು ಇದಕ್ಕೇ. ಕೊನೆಯ ಕಂತಿನ ಹಣ ಕೊಡುವ ಮೊದಲೇ ಅದನ್ನು ಕೇಳಿ ಪಡೆಯುವುದು ಜಾಣತನ. ಕಂಬಿ, ಪೈಪು, ವಿದ್ಯುತ್ ಕೊಳವೆಗಳ ಚಿತ್ರಗಳನ್ನು ಕಾಂಕ್ರೀಟು, ಪ್ಲಾಸ್ಟರಿಂಗ್‌ಗೆ ಮುನ್ನವೇ, ಪಕ್ಕದಲ್ಲಿ ಟೇಪು ಹಿಡಿದು ತೆಗೆಯಬೇಕು. ಆಮೇಲೆ ತೆಗೆಯಲು ಏನೂ ಕಾಣದು.

ವಿದ್ಯಾರ್ಥಿಗಳೇ ಮಾಡಬಹುದಾದ ಒಂದು ಪರೀಕ್ಷೆಯೂ ಇದೆ. ನಮ್ಮಲ್ಲಿ ಸಾಮಾನ್ಯವಾದ 30×40 ಅಡಿ ನಿವೇಶನದ ಕರ್ಣ ಸರಿಯಾಗಿ 50 ಅಡಿ ಇರಬೇಕು. ಬದಿಗಳು 30, 40 ಅಡಿಯೇ ಇದ್ದು, ಮೂಲೆಯ ಕೋನ ಒಂದೇ ಡಿಗ್ರಿ ತಪ್ಪಿದರೂ ಒಂದು ಕರ್ಣ ಸುಮಾರು 5 ಅಂಗುಲ ಹೆಚ್ಚಿ, ಇನ್ನೊಂದು ಅಷ್ಟೇ ತಗ್ಗುತ್ತದೆ.