ಸಮಾಧಿ: ಕೂತವರು, ಮಲಗಿದವರು, ಬೂದಿಯಾದವರು

ವಿಜಯಪುರಕ್ಕೆ ಹೋದವರು ಗೋಳಗುಮ್ಮಟ ನೋಡದೆ ಬರುವುದಿಲ್ಲ. ಮೊಹಮ್ಮದ್ ಆದಿಲ್ ಶಾಹನ ಸಮಾಧಿ ಎಂದು ಗೈಡುಗಳು ಹೇಳುತ್ತಾರೆ. ಪಿಸುಮಾತು ಕೇಳಿಸುವ ಮೇಲಿನ ಗ್ಯಾಲರಿಗೆ ಹತ್ತುವ ಅವಸರದಲ್ಲಿ ಒಂದು ಸಂಗತಿ ಕಣ್ತಪ್ಪುತ್ತದೆ: ನಡುವಿನ ಕಟ್ಟೆಯ ಮೇಲೆ ಕಾಣುವ ಗೋರಿಗಳು ಗುರುತಿಗೆ ಇಟ್ಟವು. ನಿಜವಾದ ಗೋರಿಗಳು ಅದರ ನೇರ ಕೆಳಗೆ, ನೆಲಮಾಳಿಗೆಯಲ್ಲಿವೆ. 1656ರಲ್ಲಿ ತೀರಿಕೊಂಡ ದೊರೆ ಅಲ್ಲಿ ಮಣ್ಣಿನಲ್ಲಿದ್ದಾನೆ. ಮೇಲೆ ಸುಮಾರು 44 ಮೀಟರ್ ಅಗಲದ ಗುಮ್ಮಟ.

ಅದೇ ಊರಿನ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ 2023ರ ಜನವರಿ 2ರಂದು ತೀರಿಕೊಂಡರು. ದೇಹವನ್ನು ಭೂಮಿಯಲ್ಲಿ ಇಡದೆ ಬೆಂಕಿಗೆ ಕೊಡಿ, ಶ್ರಾದ್ಧದ ವಿಧಿಗಳು ಬೇಡ, ಬೂದಿಯನ್ನು ನದಿಗೋ ಸಾಗರಕ್ಕೋ ಬಿಡಿ, ಸ್ಮಾರಕ ಕಟ್ಟಬೇಡಿ ಎಂದು ಅವರು ವರ್ಷಗಳ ಹಿಂದೆಯೇ ಬರೆದಿಟ್ಟಿದ್ದರು. ಮರುದಿನ ಲಕ್ಷಾಂತರ ಜನರ ಎದುರು ಹಾಗೆಯೇ ದಹನವಾಯಿತು. ಉಪನಿಷತ್ತು, ವಚನ, ಯೋಗಗಳನ್ನು ಹಳ್ಳಿಯವರಿಗೂ ತಿಳಿಯುವ ಕನ್ನಡದಲ್ಲಿ ಹೇಳುತ್ತ ಬಂದವರು ಅವರು. ಸಮಾಧಿ ಎಂದರೇನೆಂದು ಚೆನ್ನಾಗಿ ಬಲ್ಲವರು ತಮಗೆ ಸಮಾಧಿ ಬೇಡವೆಂದರು. ಈ ಮಾತಿನೊಳಗೆ ಎರಡು ಸಮಾಧಿಗಳಿವೆ. ಒಂದರಿಂದ ಇನ್ನೊಂದಕ್ಕೆ ಪದ ನಡೆದುಬಂದ ದಾರಿ ನನ್ನನ್ನು ಬಹಳ ಕಾಲದಿಂದ ಕಾಡಿದೆ.

ಹುಟ್ಟಿನಲ್ಲಿ ಇದು ಬದುಕಿರುವವರ ಪದ. ಚೆನ್ನಾಗಿ ಒಂದೆಡೆ ಇಡುವುದು ಎಂಬುದು ಅದರ ಮೂಲಾರ್ಥ. ಚೆದುರಿದ ಮನಸ್ಸನ್ನು ಒಂದೆಡೆ ನಿಲ್ಲಿಸಿದರೆ ಸಮಾಧಿ. ಪತಂಜಲಿಯ ಎಂಟು ಅಂಗಗಳಲ್ಲಿ ಕೊನೆಯದು ಅದೇ. ಅಲ್ಲಿ ಸಾವಿನ ಸುಳಿವೂ ಇಲ್ಲ. ಅದು ಗೋರಿಗೆ ಬಂದದ್ದು ಸನ್ಯಾಸಿಗಳ ಮೂಲಕ. ಸನ್ಯಾಸ ತೆಗೆದುಕೊಳ್ಳುವವನು ತನ್ನ ಶ್ರಾದ್ಧವನ್ನು ತಾನೇ ಮಾಡಿಕೊಳ್ಳುತ್ತಾನೆ, ಮನೆಯ ಅಗ್ನಿಯನ್ನು ಬಿಡುತ್ತಾನೆ. ಅಗ್ನಿಯನ್ನು ಬಿಟ್ಟವನನ್ನು ಮತ್ತೆ ಅಗ್ನಿಗೆ ಹಾಕುವುದು ಹೇಗೆ? ಆದ್ದರಿಂದ ಅವನನ್ನು ಕೂತ ಭಂಗಿಯಲ್ಲಿಯೇ ಮಣ್ಣಿನಲ್ಲಿಡುವ ಪದ್ಧತಿ ಬಂತು. ಸತ್ತ ಎನ್ನಲು ಶಿಷ್ಯರಿಗೆ ಬಾಯಿ ಬರಲಿಲ್ಲ. ಸಮಾಧಿಯಲ್ಲಿದ್ದಾರೆ ಎಂದರು. ಅವರು ಕೂತ ಜಾಗಕ್ಕೂ ಆ ಹೆಸರು ಅಂಟಿಕೊಂಡಿತು. ಮಾಧ್ವರು ತಮ್ಮ ಯತಿಗಳದ್ದನ್ನು ಬೃಂದಾವನ ಎನ್ನುತ್ತಾರೆ. 1671ರಲ್ಲಿ ಮಂತ್ರಾಲಯದಲ್ಲಿ ರಾಘವೇಂದ್ರ ಸ್ವಾಮಿಗಳು ಪ್ರವೇಶಿಸಿದ್ದು ಅಂಥದ್ದನ್ನೇ. ಬೃಂದಾವನಸ್ಥರಾದರು ಎನ್ನುವ ಕ್ರಿಯಾಪದದಲ್ಲೂ ಸಾವನ್ನು ಹೆಸರಿಸದ ಅದೇ ಭಕ್ತಿ.

ಲಿಂಗಾಯತರು ಮಾಡಿದ್ದು ಇನ್ನೂ ದೊಡ್ಡ ಕೆಲಸ ಎಂದು ನನಗೆ ಅನ್ನಿಸುತ್ತದೆ. ಸನ್ಯಾಸಿಗೆ ಮೀಸಲಾಗಿದ್ದ ಆ ಮರ್ಯಾದೆಯನ್ನು ಲಿಂಗ ಕಟ್ಟಿಕೊಂಡ ಎಲ್ಲರಿಗೂ ಕೊಟ್ಟರು. ಹೊಲ ಉತ್ತವನಿಗೂ ರೊಟ್ಟಿ ಬಡಿದವಳಿಗೂ ಕ್ರಿಯಾಸಮಾಧಿ. ಮಣ್ಣಿಗೆ ಹೋದವರು ನೋಡಿರುತ್ತಾರೆ: ದೇಹವನ್ನು ಕೂರಿಸಿಯೇ ತರುತ್ತಾರೆ. ಕುಣಿಯೊಳಗೆ ಒಂದು ಬದಿಗೆ ಗೂಡು ಕೊರೆದಿರುತ್ತಾರೆ. ಅದರಲ್ಲಿ ಕೂರಿಸಿ, ಬದುಕಿದ್ದಾಗ ಪೂಜಿಸಿದ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟು, ವಿಭೂತಿ ಪತ್ರಿಗಳಿಂದ ತುಂಬುತ್ತಾರೆ. ಪೂಜೆಗೆ ಕೂತವರು ಹೇಗಿರುತ್ತಾರೋ ಹಾಗೆ. ಸತ್ತವರು ಲಿಂಗೈಕ್ಯರು. ಐಕ್ಯವೆಂದರೆ ಸೇರಿಯಾಯಿತು, ಮರಳಿ ಬರುವ ಮಾತಿಲ್ಲ. ಆದ್ದರಿಂದ ಈ ದೇಹ ಯಾವ ದಿನಕ್ಕೂ ಕಾದು ಕೂತಿಲ್ಲ. 2019ರ ಜನವರಿಯಲ್ಲಿ 111 ವರ್ಷದ ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿಯವರ ಕ್ರಿಯಾಸಮಾಧಿ ಟಿವಿಯಲ್ಲಿ ನಡೆದಾಗ ನಾಡೆಲ್ಲ ಈ ವಿಧಿಯನ್ನು ಹತ್ತಿರದಿಂದ ಕಂಡಿತು.

ಲಿಂಗಾಯತರಷ್ಟೇ ಅಲ್ಲ, ನಮ್ಮಲ್ಲಿ ಹೂಳುವ ಜಾತಿಗಳು ಹಲವು. ಹೊಲದ ಬದುವಿನಲ್ಲಿ ಅಜ್ಜ ಅಜ್ಜಿಯ ಸಮಾಧಿ, ಹಬ್ಬಕ್ಕೆ ಸುಣ್ಣ, ಎಡೆ. ಆ ತುಂಡು ನೆಲವನ್ನು ಎಂಥ ಸಾಲಗಾರನೂ ಮಾರಲು ಹಿಂಜರಿಯುತ್ತಾನೆ.

ಕ್ರೈಸ್ತರು ಇದೇ ಪದವನ್ನು ತಮ್ಮದಾಗಿಸಿಕೊಂಡರು. ಇಂದು ನಾವು ಓದುವ ಕನ್ನಡ ಬೈಬಲಿನಲ್ಲಿ ಯೇಸುವನ್ನು ಇಟ್ಟದ್ದು ಸಮಾಧಿಯಲ್ಲಿ, ಮೂರನೆಯ ದಿನ ಹೆಂಗಸರು ಬಂದು ಖಾಲಿ ಕಂಡದ್ದು ಸಮಾಧಿಯನ್ನೇ. ಎಂಥ ತಿರುವು ನೋಡಿ. ಐಕ್ಯದ ಪದ ಈಗ ಎದ್ದು ಬರುವವರ ಪದವಾಯಿತು. ಇಲ್ಲಿ ದೇಹ ಮಲಗಿರುತ್ತದೆ. ಕರ್ತನಲ್ಲಿ ನಿದ್ರೆಹೋದರು ಎಂದು ನಮ್ಮ ಪ್ರಾಟೆಸ್ಟೆಂಟ್ ಮನೆಗಳಲ್ಲಿ ಇಂದಿಗೂ ಹೇಳುತ್ತಾರೆ. ಹಳೆಯ ಗ್ರೀಕ್ ಕ್ರೈಸ್ತರೂ ಸ್ಮಶಾನವನ್ನು ಮಲಗುವ ಜಾಗ ಎಂದೇ ಕರೆದರು. ಮಲಗಿದವರು ಪುನರುತ್ಥಾನದ ಬೆಳಿಗ್ಗೆ ಏಳಬೇಕಲ್ಲ! ಮುಸ್ಲಿಮರು ಬಲಮಗ್ಗುಲಾಗಿ, ಮುಖ ಕಾಬಾದ ಕಡೆಗೆ ಇರುವಂತೆ ಮಲಗಿಸಿ, ಬಂದವರೆಲ್ಲ ಮೂರು ಮೂರು ಹಿಡಿ ಮಣ್ಣು ಕೊಡುತ್ತಾರೆ. ಅಲ್ಲಿ ಕಾಯುವುದು ಸತ್ತವರೆಲ್ಲ ಏಳುವ ಕಿಯಾಮತ್ತಿನ ದಿನಕ್ಕೆ.

ದೇಹ ಏಳುತ್ತದೆ ಎಂದು ನಂಬುವವರು ಸುಡಲು ಒಪ್ಪದಿರುವುದು ಸಹಜ, ಸುಟ್ಟರೆ ಏಳುವುದೇನು ಎಂದು ಹೊರಗಿನವರು ಊಹಿಸುತ್ತಾರೆ. ಈ ಊಹೆ ತಪ್ಪು, ಹಳೆಯ ಕಾಲದಲ್ಲೂ ತಪ್ಪಾಗಿತ್ತು. ಕ್ರಿ.ಶ. 177ರಲ್ಲಿ ಇಂದಿನ ಫ್ರಾನ್ಸಿನ ಲಿಯಾನ್ ಊರಿನಲ್ಲಿ ರೋಮನ್ನರು ಕ್ರೈಸ್ತರನ್ನು ಕೊಂದು, ದೇಹಗಳನ್ನು ಸುಟ್ಟು, ಬೂದಿಯನ್ನು ರೋನ್ ನದಿಗೆ ಎಸೆದರು. ಇವರ ಪುನರುತ್ಥಾನದ ಆಸೆಯನ್ನೇ ಕೊಲ್ಲುವುದು ಉದ್ದೇಶವಾಗಿತ್ತೆಂದು ಚರಿತ್ರಕಾರ ಯುಸೀಬಿಯಸ್ ದಾಖಲಿಸಿದ್ದಾನೆ. ಉಳಿದ ಕ್ರೈಸ್ತರು ನಂಬಿಕೆ ಬಿಡಲಿಲ್ಲ. ಇಲ್ಲದುದರಿಂದ ಉಂಟುಮಾಡಿದ ದೇವರಿಗೆ ಬೂದಿಯಿಂದ ಎಬ್ಬಿಸುವುದು ಕಷ್ಟವೇ ಎಂಬುದು ಅವರ ವಾದ. ಹದೀಸಿನಲ್ಲಿ ಬರುವ ಕತೆಯಂತೂ ನನಗೆ ಬಹಳ ಪ್ರಿಯ. ಪಾಪಿಯೊಬ್ಬ ಸಾಯುವಾಗ ಮಕ್ಕಳಿಗೆ ಹೇಳುತ್ತಾನೆ, ನನ್ನನ್ನು ಸುಟ್ಟು ಪುಡಿಮಾಡಿ, ಅರ್ಧ ನೆಲಕ್ಕೆ ಅರ್ಧ ಕಡಲಿಗೆ ಚೆಲ್ಲಿರಿ. ಅವರು ಹಾಗೇ ಮಾಡುತ್ತಾರೆ. ನೆಲ ಕಡಲುಗಳಿಗೆ ಅಲ್ಲಾಹನ ಅಪ್ಪಣೆಯಾಗುತ್ತದೆ, ಚೂರುಚೂರೂ ಕೂಡಿ ಅವನು ನಿಲ್ಲುತ್ತಾನೆ. ಯಾಕೆ ಹೀಗೆ ಮಾಡಿಸಿಕೊಂಡೆ ಎಂದರೆ, ನಿನ್ನ ಭಯಕ್ಕೆ ಎನ್ನುತ್ತಾನೆ. ಅಷ್ಟಕ್ಕೇ ಕ್ಷಮೆ ಸಿಗುತ್ತದೆ. ಹೀಗಿದ್ದೂ ಇಸ್ಲಾಮಿನಲ್ಲಿ ದಹನ ಸಲ್ಲದು. ಸತ್ತವರ ದೇಹಕ್ಕೂ ಬದುಕಿದವರ ದೇಹಕ್ಕೆ ಸಲ್ಲುವ ಮರ್ಯಾದೆಯೇ ಸಲ್ಲಬೇಕು ಎಂಬುದು ಅಲ್ಲಿನ ನಡೆ. ದೇವರ ಕೈಯಲ್ಲಿ ಆಗುತ್ತದೋ ಇಲ್ಲವೋ ಎಂಬ ಅನುಮಾನ ಇದರಲ್ಲಿಲ್ಲ, ನಮ್ಮ ಕೈ ಏನು ಮಾಡಬೇಕು ಎಂಬ ಯೋಚನೆ ಇದೆ.

ಕಥೋಲಿಕ ಸಭೆಯ ಕತೆಯೂ ಅಷ್ಟೆ. 1886ರಲ್ಲಿ ರೋಮ್ ದಹನವನ್ನು ನಿಷೇಧಿಸಿದ್ದು, ಆಗ ಯೂರೋಪಿನಲ್ಲಿ ಅದನ್ನು ಪ್ರಚಾರ ಮಾಡುತ್ತಿದ್ದವರಲ್ಲಿ ಸಭೆಯ ವಿರೋಧಿಗಳು ಬಹಳ ಮಂದಿ ಇದ್ದರು ಎಂಬ ಕಾರಣಕ್ಕೆ. 1963ರಲ್ಲಿ ಆ ನಿಷೇಧ ಸಡಿಲವಾಯಿತು. ಪುನರುತ್ಥಾನವನ್ನು ಅಲ್ಲಗಳೆಯಲು ಸುಡಿಸಿಕೊಳ್ಳುವುದಾದರೆ ಮಾತ್ರ ತಪ್ಪು ಎಂದರು. 2020ರ ಜುಲೈಯಲ್ಲಿ ಕೋವಿಡ್ ಹೊತ್ತಿನಲ್ಲಿ ಕೇರಳದ ಆಲಪ್ಪುಳ ಧರ್ಮಪ್ರಾಂತ್ಯ ತನ್ನವರನ್ನು ಚರ್ಚಿನ ಸ್ಮಶಾನದಲ್ಲೇ ದಹಿಸಿ ಬೂದಿಯನ್ನು ಅಲ್ಲೇ ಹೂಳಲು ಒಪ್ಪಿತು. ಮಣ್ಣು ಮಾಡುವುದನ್ನೇ ತಲೆಮಾರುಗಳಿಂದ ಬಲ್ಲ ಆ ಕುಟುಂಬಗಳಿಗೆ ಅದೆಷ್ಟು ಕಷ್ಟವಾಗಿರಬೇಕು. ಒಪ್ಪಿದ ಪಾದ್ರಿಗಳ ಧೈರ್ಯವೂ ಸಣ್ಣದಲ್ಲ.

ಆದರೆ ಒಂದು ಹಟವನ್ನು ರೋಮ್ ಬಿಟ್ಟಿಲ್ಲ. ಬೂದಿಯನ್ನು ಗಾಳಿಗೆ ತೂರಬಾರದು, ನೀರಿಗೆ ಬಿಡಬಾರದು, ಒಡವೆಯೊಳಗೆ ಸೇರಿಸಬಾರದು, ಪವಿತ್ರ ಸ್ಥಳದಲ್ಲಿಡಬೇಕು ಎಂದು 2016ರಲ್ಲಿ ಸ್ಪಷ್ಟವಾಗಿ ಹೇಳಿತು. ಸ್ವಲ್ಪ ಭಾಗವನ್ನು ಸತ್ತವರಿಗೆ ಪ್ರಿಯವಾಗಿದ್ದ ಕಡೆ ಇಡಬಹುದೆಂಬ ರಿಯಾಯಿತಿ ಬಂದದ್ದು 2023ರ ಡಿಸೆಂಬರಿನಲ್ಲಿ. ವಿಜಯಪುರದ ಸ್ವಾಮೀಜಿಯ ಪತ್ರದ ಪಕ್ಕದಲ್ಲಿ ಇದನ್ನಿಟ್ಟು ಓದಬೇಕು. ಬೆಂಕಿಯ ಬಗ್ಗೆ ಇಬ್ಬರದೂ ತಕರಾರಿಲ್ಲ. ಜಗಳ ಜಾಗದ್ದು. ಸತ್ತವನ ಹೆಸರು ಹೇಳಿ ನಿಲ್ಲಲು ಒಂದು ತಾವು ಉಳಿಯಬೇಕು ಎನ್ನುತ್ತದೆ ರೋಮ್, ಉಳಿಯಬಾರದು ಎಂದರು ಸ್ವಾಮೀಜಿ.

ನಾನು ಯಾವ ಕಡೆ ಎಂದು ಕೇಳಿದರೆ, ಸ್ವಾಮೀಜಿಗೆ ಕೈ ಮುಗಿಯುತ್ತೇನೆ, ಆದರೂ ಜಾಗ ಇರಲಿ ಎನ್ನುವವರ ಜೊತೆ ನಿಲ್ಲುತ್ತೇನೆ. ನಮ್ಮ ಆಡುಮಾತೂ ಅತ್ತಲೇ ವಾಲಿದೆ. ಗಾಂಧೀಜಿಯವರನ್ನು ದಹನ ಮಾಡಿದರು, ಅಸ್ಥಿಯನ್ನು ದೇಶದ ಹಲವು ನದಿಗಳಲ್ಲಿ ಬಿಟ್ಟರು. ರಾಜಘಾಟಿನ ಕಪ್ಪು ಕಲ್ಲಿನ ಕೆಳಗೆ ದೇಹವಿಲ್ಲ. ಆದರೂ ಅದು ಗಾಂಧಿ ಸಮಾಧಿ. ಡಾ. ರಾಜ್‌ಕುಮಾರ್ ಅವರನ್ನು 2006ರಲ್ಲಿ ಕಂಠೀರವ ಸ್ಟುಡಿಯೋದಲ್ಲಿ ಮಣ್ಣು ಮಾಡಿದರು, ಅಂಬರೀಷ್ ಅವರ ದಹನ 2018ರಲ್ಲಿ ಅದೇ ಆವರಣದಲ್ಲಿ ಆಯಿತು. ಅಭಿಮಾನಿಗಳ ಬಾಯಲ್ಲಿ ಎರಡೂ ಸಮಾಧಿಯೇ. ಹೂಳಿದ್ದೋ ಸುಟ್ಟದ್ದೋ ಎಂದು ಆ ಪದ ವಿಚಾರಿಸುವುದನ್ನು ಬಿಟ್ಟು ಬಹಳ ದಿನವಾಯಿತು.

ಇಷ್ಟೆಲ್ಲ ಧರ್ಮಗಳ ಭಾರ ಹೊತ್ತ ಪದವನ್ನು ಪತ್ರಿಕೆಗಳು ಒಂದು ಕಡೆ ಬಳಸುವಾಗ ಮಾತ್ರ ನನಗೆ ಸಿಟ್ಟು ಬರುತ್ತದೆ. ಪಾಯ ತೋಡುವಾಗ ಮಣ್ಣು ಕುಸಿದರೆ 'ಕಾರ್ಮಿಕರು ಜೀವಂತ ಸಮಾಧಿ' ಎಂಬ ತಲೆಬರಹ ಸಿದ್ಧವಾಗಿಯೇ ಇರುತ್ತದೆ. ಜೀವಂತ ಸಮಾಧಿ ಎಂದರೆ ಸಂತನೊಬ್ಬ ತಾನಾಗಿ ಆರಿಸಿಕೊಂಡದ್ದು. ಆಳಂದಿಯ ಸಂತ ಜ್ಞಾನೇಶ್ವರರದ್ದು ಅಂಥದ್ದು ಎಂದು ಅವರ ಭಕ್ತರಾದ ವಾರಕರಿಗಳು ನಂಬುತ್ತಾರೆ. ಕೂಲಿಗೆ ಬಂದವನು ಏನನ್ನೂ ಆರಿಸಿಕೊಂಡಿರಲಿಲ್ಲ. ಗುಂಡಿಯ ಬದಿಗೆ ಆಸರೆ ಕೊಡದೆ ಅವನನ್ನು ಇಳಿಸಿದವರು ಇದ್ದಾರೆ. ಆ ತಲೆಬರಹದಲ್ಲಿ ಅವರು ಕಾಣುವುದಿಲ್ಲ. ಮಣ್ಣು ಕುಸಿದು ಕಾರ್ಮಿಕರ ಸಾವು ಎಂದು ಬರೆಯಿರಿ, ಗುತ್ತಿಗೆದಾರ ಯಾರೆಂದು ಕೆಳಗಿನ ಸಾಲಿನಲ್ಲೇ ಬರೆಯಿರಿ.