ಗಣಿಯ ಗಾಯ, ಮನೆಯ ಗಾಯ

ಕೋಲಾರ ಚಿನ್ನದ ಗಣಿಯ (ಕೆಜಿಎಫ್) ಆಳದಲ್ಲಿ ಬಂಡೆ ಸಿಡಿದು ಕಾರ್ಮಿಕನ ಕಾಲು ಮುರಿದರೆ ಅದು ಎಲ್ಲಿ, ಹೇಗೆ ಆಯಿತೆಂದು ಆಡಳಿತ ಲೆಕ್ಕ ಕೊಡಬೇಕಿತ್ತು. ಗಂಭೀರ ಗಾಯವನ್ನು ಸರ್ಕಾರಕ್ಕೆ ತಿಳಿಸುವುದನ್ನು 1952ರ ಗಣಿ ಕಾಯ್ದೆಯ 23ನೇ ಸೆಕ್ಷನ್ ಕಡ್ಡಾಯ ಮಾಡಿತ್ತು. ಅದೇ ಕಾರ್ಮಿಕನ ಮಗುವನ್ನು ಗಣಿಯೂರು ರಾಬರ್ಟ್‌ಸನ್‌ಪೇಟೆಯ ಮನೆಯಿಂದ ಕೈ ಮುರಿದ ಸ್ಥಿತಿಯಲ್ಲಿ ಆಸ್ಪತ್ರೆಗೆ ತಂದಾಗ ಅಷ್ಟು ಕೇಳುವ ಕಾಯ್ದೆ ಇರಲಿಲ್ಲ.

ವೈದ್ಯಶಾಸ್ತ್ರವೂ ಬಹುಕಾಲ ಕೇಳಲಿಲ್ಲ. ಪ್ಯಾರಿಸ್ಸಿನ ವೈದ್ಯ ತಾರ್ದ್ಯೂ 1860ರಲ್ಲೇ ಮಕ್ಕಳ ಮೇಲಿನ ಹಿಂಸೆಯನ್ನು ದಾಖಲಿಸಿದ್ದರೂ ಅದು ಮರೆತುಹೋಯಿತು. 1946ರಲ್ಲಿ ಜಾನ್ ಕ್ಯಾಫೀ ಆರು ಶಿಶುಗಳಲ್ಲಿ ತಲೆಯೊಳಗಿನ ರಕ್ತಸ್ರಾವದ ಜೊತೆಗೇ ಕೈಕಾಲಿನ ಮುರಿತಗಳನ್ನು ಕಂಡರು. ಹೊಡೆತವೇ ಕಾರಣವೆಂದು ಹೆನ್ರಿ ಕೆಂಪೆ ಮತ್ತು ಸಂಗಡಿಗರು ಬಿಡಿಸಿ ಹೇಳಿದ್ದು 1962ರಲ್ಲಿ.

ಅಂದಿನಿಂದ ತುರ್ತು ಚಿಕಿತ್ಸೆಯ ವೈದ್ಯರು ನೋಡಬೇಕಾದದ್ದು ಸ್ಪಷ್ಟವಾಗುತ್ತಾ ಬಂತು: ಹೇಳುವ ಕಾರಣಕ್ಕೂ ಗಾಯಕ್ಕೂ ತಾಳೆಯಾಗುತ್ತದೆಯೇ? ಇನ್ನೂ ಅಂಬೆಗಾಲಿಡದ ಕೂಸಿನ ಮೈ ಕಂದಿದ್ದರೆ, ಕಿವಿ, ಕತ್ತು, ಹೊಟ್ಟೆಯ ಮೇಲೆ ಗುರುತುಗಳಿದ್ದರೆ, ಎಕ್ಸ್‌ರೇಯಲ್ಲಿ ಹಳೆಯದೂ ಹೊಸದೂ ಮುರಿತಗಳು ಕಂಡರೆ, ಬಿಸಿನೀರಿನ ಸುಟ್ಟಗಾಯ ಕೈಗವಸಿನಂತೆ ಒಂದೇ ಗೆರೆಗೆ ನಿಂತಿದ್ದರೆ, 'ಜಾರಿ ಬಿತ್ತು' ಎಂಬ ಮಾತು ಸಾಲದು. ನಮ್ಮ ಕಡೆ ಇನ್ನೊಂದು ತೊಡಕಿದೆ. ಕಾಯಿಲೆ ವಾಸಿಯಾಗಲೆಂದು ಮಗುವಿಗೆ ಬರೆ ಹಾಕುವ ಪದ್ಧತಿ ಪೂರ್ತಿ ಹೋಗಿಲ್ಲ. ಹಾಕಿದವರ ಉದ್ದೇಶ ಏನೇ ಇರಲಿ, ಸುಟ್ಟದ್ದು ಮಗುವಿನ ಚರ್ಮ, ಅದನ್ನೂ ಬರೆದಿಡಲೇಬೇಕು.

2012ರ ಏಪ್ರಿಲ್‌ನಲ್ಲಿ ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಯಲ್ಲಿ ಮೂರು ತಿಂಗಳ ಹೆಣ್ಣುಮಗುವೊಂದು ತಲೆಗೆ ಪೆಟ್ಟು, ಮೈಮೇಲೆ ಕಚ್ಚಿದ ಗುರುತುಗಳೊಂದಿಗೆ ಸಾವುಬದುಕಿನ ನಡುವೆ ಮಲಗಿತ್ತು. ಹೆಣ್ಣೆಂಬ ಕಾರಣಕ್ಕೆ ಹಿಂಸಿಸಿದ ಆರೋಪದ ಮೇಲೆ ತಂದೆಯ ಬಂಧನವಾಯಿತು. ಮಗು 11ರಂದು ತೀರಿಕೊಂಡಿತು. ಆ ಕೂಸಿನ ಸುದ್ದಿ ಓದಿ ನಾಡು ಬೆಚ್ಚಿತು. ಆದರೆ ಸಾಯದೆ ಮನೆಗೆ ಮರಳುವ ಮಕ್ಕಳು ಸುದ್ದಿಯಾಗುವುದಿಲ್ಲ, ಮೊದಲ ಸಲ ಆಸ್ಪತ್ರೆಗೆ ಬಂದಾಗಲೇ ಗುರುತಿಸಬೇಕಾದದ್ದು ಅವರನ್ನು.

ಅದೇ ವರ್ಷ ನವೆಂಬರ್ 14ರಂದು ಪೋಕ್ಸೊ ಕಾಯ್ದೆ ಜಾರಿಗೆ ಬಂತು. ಮಗುವಿನ ಮೇಲಿನ ಲೈಂಗಿಕ ಅಪರಾಧ ಗೊತ್ತಾದ ಯಾರೇ ಆಗಲಿ, ವೈದ್ಯರೂ ಸೇರಿ, ಪೊಲೀಸರಿಗೆ ತಿಳಿಸಲೇಬೇಕು. ಗಣಿ ಕಾಯ್ದೆಗೂ ಇದಕ್ಕೂ ನಡುವೆ ಅರವತ್ತು ವರ್ಷ! ಅಷ್ಟರೊಳಗೆ, 2001ರಲ್ಲಿ, ಗಣಿಯೇ ಮುಚ್ಚಿತ್ತು.

ಕೆಜಿಎಫ್‌ಗೆ ಪ್ರತ್ಯೇಕ ಪೊಲೀಸ್ ಜಿಲ್ಲೆಯಿದೆ, ಆದರೆ ಕಂದಾಯ ಜಿಲ್ಲೆ ಕೋಲಾರ. ಹಾಗಾಗಿ ರಾಬರ್ಟ್‌ಸನ್‌ಪೇಟೆಯಲ್ಲಿ ಪೋಕ್ಸೊ ದೂರು ದಾಖಲಾದರೆ ಕೆಜಿಎಫ್ ಪೊಲೀಸರು 24 ಗಂಟೆಯೊಳಗೆ ಕೋಲಾರದ ಮಕ್ಕಳ ಕಲ್ಯಾಣ ಸಮಿತಿಗೂ ವಿಶೇಷ ನ್ಯಾಯಾಲಯಕ್ಕೂ ವರದಿ ಕೊಡಬೇಕು. ಆ ಕಾಗದಕ್ಕೆ ಕಾಯುತ್ತಾ ಆಸ್ಪತ್ರೆ ಚಿಕಿತ್ಸೆ ತಡಮಾಡುವಂತಿಲ್ಲ.