ಮಿಡ್‌ಬ್ರೈನ್ ಆ್ಯಕ್ಟಿವೇಷನ್

ಮಿಡ್‌ಬ್ರೈನ್ ಆ್ಯಕ್ಟಿವೇಷನ್ ಅಥವಾ ಮಧ್ಯಮಿದುಳನ್ನು ಜಾಗೃತಗೊಳಿಸುವ ತರಬೇತಿ ಎಂಬುದು ಮುಖ್ಯವಾಗಿ 5ರಿಂದ 15 ವರ್ಷದ ಮಕ್ಕಳಿಗಾಗಿ ಶುಲ್ಕ ಪಡೆದು ನಡೆಸುವ ಒಂದು ಬಗೆಯ ಕಾರ್ಯಾಗಾರ. ಇದರಲ್ಲಿ ಪಾಲ್ಗೊಂಡ ಮಕ್ಕಳು ಕಣ್ಣಿಗೆ ಪಟ್ಟಿ ಕಟ್ಟಿಕೊಂಡೇ ಓದಬಲ್ಲರು, ಬಣ್ಣಗಳನ್ನು ಗುರುತಿಸಬಲ್ಲರು, ಅವರ ಏಕಾಗ್ರತೆ, ಸ್ಮರಣಶಕ್ತಿ ಹಾಗೂ ಬುದ್ಧಿಮತ್ತೆ ವೃದ್ಧಿಸುತ್ತದೆ ಎಂದು ಸಂಘಟಕರು ಪ್ರತಿಪಾದಿಸುತ್ತಾರೆ. ಈ ಪ್ರತಿಪಾದನೆಗಳಿಗೆ ವೈಜ್ಞಾನಿಕ ಆಧಾರವಿಲ್ಲ. ಆದ್ದರಿಂದ ಇದನ್ನು ಹುಸಿವಿಜ್ಞಾನದ ವರ್ಗಕ್ಕೆ ಸೇರಿಸಲಾಗಿದೆ. ಕಣ್ಣುಪಟ್ಟಿಯ ಪ್ರದರ್ಶನಗಳಲ್ಲಿ ಮಕ್ಕಳು ಪಟ್ಟಿ ಮತ್ತು ಮೂಗಿನ ನಡುವಿನ ಸಂದಿಯಿಂದ ಇಣುಕಿ ನೋಡುತ್ತಾರೆ ಎಂಬುದು ಇವನ್ನು ಪರಿಶೀಲಿಸಿದ ವಿಚಾರವಾದಿಗಳ ಮತ್ತು ಜಾದೂಗಾರರ ವಿವರಣೆ. ಕರ್ನಾಟಕದಲ್ಲಿ ಈ ತರಬೇತಿಯನ್ನು ಬಹಿರಂಗವಾಗಿ ಪ್ರಶ್ನಿಸಿದವರಲ್ಲಿ ಮಂಗಳೂರಿನ ವಿಚಾರವಾದಿ ನರೇಂದ್ರ ನಾಯಕ್ ಪ್ರಮುಖರು.

ಹಿನ್ನೆಲೆ

ಈ ತರಬೇತಿಯ ಪ್ರಚಾರಕರು ತಮ್ಮ ವಿಧಾನದ ಮೂಲವನ್ನು ಸಾಮಾನ್ಯವಾಗಿ ಜಪಾನಿನ ಶಿಕ್ಷಣಕಾರ ಮಕೊಟೊ ಶಿಚಿದಾ ಅವರ ಬಲಮಿದುಳಿನ ಶಿಕ್ಷಣದ ಚಿಂತನೆಗಳಲ್ಲಿ ಗುರುತಿಸುತ್ತಾರೆ. ಮಲೇಷ್ಯಾ ಮತ್ತು ಇಂಡೋನೇಷ್ಯಾಗಳಲ್ಲಿ ವಾಣಿಜ್ಯ ರೂಪ ಪಡೆದ ಈ ಕಾರ್ಯಾಗಾರಗಳು ಭಾರತದ ನಗರಗಳಿಗೂ ಹರಡಿದವು. ಟ್ಯೂಷನ್, ಅಬಾಕಸ್ ಮುಂತಾದ ಶಾಲೆಯ ನಂತರದ ತರಗತಿಗಳಿಗೆ ಹಣ ವ್ಯಯಿಸಲು ಸಿದ್ಧರಿರುವ ಮಧ್ಯಮವರ್ಗದ ಕುಟುಂಬಗಳೇ ಇವುಗಳ ಮುಖ್ಯ ಗ್ರಾಹಕರು. ಬೆಂಗಳೂರಿನ ವಿಜಯನಗರ, ಬಸವೇಶ್ವರನಗರ, ಅನ್ನಪೂರ್ಣೇಶ್ವರಿ ನಗರಗಳಂತಹ ವಸತಿ ಬಡಾವಣೆಗಳಲ್ಲಿ ಇಂತಹ ಪೂರಕ ತರಗತಿಗಳು ಮಕ್ಕಳ ದಿನಚರಿಯ ಭಾಗವೇ ಆಗಿವೆ. ಪರೀಕ್ಷೆಯ ಅಂಕಗಳ ಕುರಿತಾದ ಆತಂಕ, ತಮ್ಮ ಮಗು ಹಿಂದುಳಿಯಬಾರದೆಂಬ ಕಾಳಜಿ ಮತ್ತು ಮಿದುಳಿನ ಬಗೆಗಿನ ಅಲ್ಪಜ್ಞಾನ ಇವು ಮೂರೂ ಸೇರಿ ಇಂತಹ ತರಬೇತಿಗೆ ಮಾರುಕಟ್ಟೆಯನ್ನು ನಿರ್ಮಿಸಿವೆ.

ಕಣ್ಣಿಲ್ಲದೆ ನೋಡುವ ಶಕ್ತಿಯ ಪ್ರತಿಪಾದನೆ ಹೊಸದಲ್ಲ. 1920ರಲ್ಲಿ ಫ್ರಾನ್ಸಿನ ಲೇಖಕ ಜೂಲ್ ರೊಮ್ಯಾಂ ಚರ್ಮದ ಮೂಲಕ ನೋಡಲು ಸಾಧ್ಯವೆಂದು ವಾದಿಸಿ ಪುಸ್ತಕವೊಂದನ್ನು ಪ್ರಕಟಿಸಿದರು. 1960ರ ದಶಕದಲ್ಲಿ ಸೋವಿಯತ್ ಒಕ್ಕೂಟದ ರೋಸಾ ಕುಲೆಶೋವಾ ಎಂಬ ಯುವತಿ ಬೆರಳ ತುದಿಯಿಂದ ಓದಬಲ್ಲಳೆಂಬ ಸುದ್ದಿ ಪ್ರಸಿದ್ಧವಾಯಿತು. 1979ರಲ್ಲಿ ಚೀನಾದ ಸಿಚುವಾನ್ ಪ್ರಾಂತ್ಯದ ಬಾಲಕನೊಬ್ಬ ಕಿವಿಯಿಂದ ಓದುತ್ತಾನೆಂಬ ಪತ್ರಿಕಾ ವರದಿಯ ಬೆನ್ನಲ್ಲೇ ಅಂತಹ ಶಕ್ತಿಯುಳ್ಳ ಇನ್ನೂ ಅನೇಕ ಮಕ್ಕಳು ಕಾಣಿಸಿಕೊಂಡರು. ಮಿಡ್‌ಬ್ರೈನ್ ಆ್ಯಕ್ಟಿವೇಷನ್ ಇದೇ ಪರಂಪರೆಯ ಮುಂದುವರಿಕೆ. ವ್ಯತ್ಯಾಸವೆಂದರೆ, ಹಿಂದಿನವರು ಇದನ್ನು ಅಪರೂಪದ ವ್ಯಕ್ತಿಗಳ ವಿಶೇಷ ಶಕ್ತಿಯೆಂದು ಬಣ್ಣಿಸಿದರೆ, ಈಗಿನವರು ಶುಲ್ಕ ಕಟ್ಟಿದ ಪ್ರತಿ ಮಗುವಿಗೂ ದೊರೆಯುವ ಕೌಶಲವೆಂದು ಮಾರುತ್ತಾರೆ.

ಕಾರ್ಯಾಗಾರದ ಸ್ವರೂಪ

ಕಾರ್ಯಾಗಾರವು ಸಾಮಾನ್ಯವಾಗಿ ವಾರಾಂತ್ಯದ ಎರಡು ದಿನಗಳಲ್ಲಿ ನಡೆಯುತ್ತದೆ. ಅದಕ್ಕೂ ಮೊದಲು ಉಚಿತ ಪರಿಚಯ ಸಭೆಯೊಂದಿರುತ್ತದೆ. ಅಲ್ಲಿ ಈಗಾಗಲೇ ತರಬೇತಿ ಪಡೆದ ಮಗುವೊಂದು ಕಣ್ಣುಪಟ್ಟಿ ಧರಿಸಿ ಪುಸ್ತಕ ಓದಿ, ನೋಟಿನ ಸಂಖ್ಯೆ ಹೇಳಿ ಪೋಷಕರನ್ನು ಬೆರಗುಗೊಳಿಸುತ್ತದೆ. ಅದೇ ಸಭೆಯಲ್ಲಿ ಹೆಸರು ನೋಂದಾಯಿಸಿದವರಿಗೆ ರಿಯಾಯಿತಿ ಘೋಷಿಸುವುದೂ ಉಂಟು. ಶುಲ್ಕ ಹಲವು ಸಾವಿರ ರೂಪಾಯಿಗಳಷ್ಟಿರುತ್ತದೆ.

ತರಬೇತಿಯ ವೇಳೆ ಪೋಷಕರನ್ನು ಹೊರಗಿರಿಸಲಾಗುತ್ತದೆ. ಮಕ್ಕಳಿಗೆ ಸಂಗೀತ, ಆಟ, ನೃತ್ಯ, ಉಸಿರಾಟದ ಅಭ್ಯಾಸ ಹಾಗೂ ‘ಆಲ್ಫಾ ತರಂಗ’ದ ಧ್ವನಿಮುದ್ರಿಕೆಗಳಿರುತ್ತವೆ. ಆನಂತರ ಕಣ್ಣುಪಟ್ಟಿ ಕಟ್ಟಿ ಬಣ್ಣದ ಕಾರ್ಡು, ಚೆಂಡು, ಚಿತ್ರಗಳನ್ನು ಗುರುತಿಸಲು ಹೇಳಲಾಗುತ್ತದೆ. ಸರಿಯಾಗಿ ಹೇಳಿದ ಮಗುವಿಗೆ ಚಪ್ಪಾಳೆ, ಹೊಗಳಿಕೆ ಸಿಗುತ್ತದೆ. ಎರಡನೆಯ ದಿನದ ಸಂಜೆ ಪೋಷಕರ ಮುಂದೆ ಪ್ರದರ್ಶನ ನಡೆಯುತ್ತದೆ.

ಮಧ್ಯಮಿದುಳಿನ ರಚನೆ ಮತ್ತು ಕಾರ್ಯ

ಮಧ್ಯಮಿದುಳು ಮಿದುಳುಕಾಂಡದ ಮೇಲ್ಭಾಗದಲ್ಲಿರುವ, ಸುಮಾರು 2 ಸೆಂಟಿಮೀಟರ್ ಉದ್ದದ ಚಿಕ್ಕ ಭಾಗ. ಇದರ ಹಿಂಬದಿಯ ಮೇಲಿನ ಎರಡು ಉಬ್ಬುಗಳು ಕಣ್ಣಿನ ಚಲನೆ ಹಾಗೂ ನೋಟಕ್ಕೆ ಸಂಬಂಧಿಸಿದ ಪ್ರತಿವರ್ತನೆಗಳಲ್ಲಿ ಪಾಲ್ಗೊಂಡರೆ, ಕೆಳಗಿನ ಎರಡು ಉಬ್ಬುಗಳು ಶ್ರವಣಮಾರ್ಗದ ಭಾಗವಾಗಿವೆ. ಬೆಳಕು ಬಿದ್ದಾಗ ಪಾಪೆ ಕಿರಿದಾಗುವ ಕ್ರಿಯೆಯೂ ಮಧ್ಯಮಿದುಳಿನ ಮೂಲಕವೇ ನಡೆಯುತ್ತದೆ. ಇಲ್ಲಿರುವ ಸಬ್‌ಸ್ಟಾನ್ಷಿಯಾ ನೈಗ್ರಾ ಎಂಬ ಕಪ್ಪುಬಣ್ಣದ ಭಾಗದಲ್ಲಿ ಡೋಪಮಿನ್ ಉತ್ಪಾದಿಸುವ ನರಕೋಶಗಳಿವೆ. ಅವು ನಶಿಸಿದಾಗ ಪಾರ್ಕಿನ್ಸನ್ ಕಾಯಿಲೆ ತಲೆದೋರುತ್ತದೆ. ಎಚ್ಚರದ ಸ್ಥಿತಿಯನ್ನು ಕಾಯ್ದುಕೊಳ್ಳುವ ನರಜಾಲವೂ ಈ ಭಾಗವನ್ನು ಹಾದುಹೋಗುವುದರಿಂದ ಇಲ್ಲಿ ತೀವ್ರ ಹಾನಿಯಾದರೆ ವ್ಯಕ್ತಿ ಕೋಮಾ ಸ್ಥಿತಿಗೆ ಜಾರಬಹುದು.

ಹೀಗಾಗಿ ಆರೋಗ್ಯವಂತ ಮಗುವಿನಲ್ಲಿ ಮಧ್ಯಮಿದುಳು ನಿದ್ರಿಸುತ್ತಿರುವುದಿಲ್ಲ. ಅದು ಹುಟ್ಟಿನಿಂದಲೂ ಕೆಲಸಮಾಡುತ್ತಿರುತ್ತದೆ. ಕಾರ್ಯಾಗಾರಕ್ಕೆ ನಡೆದು ಬಂದು, ತರಬೇತುದಾರರ ಮಾತಿಗೆ ತಲೆಯೆತ್ತಿ ನೋಡುವ ಮಗುವಿನ ಮಧ್ಯಮಿದುಳು ಆಗಲೇ ‘ಜಾಗೃತ’ವಾಗಿದೆ.

ಪ್ರತಿಪಾದನೆಗಳ ಪರಿಶೀಲನೆ

ಎಡಮಿದುಳು ಮತ್ತು ಬಲಮಿದುಳಿನ ಸೇತುವೆ: ಮಧ್ಯಮಿದುಳು ಮಿದುಳಿನ ಎಡ ಮತ್ತು ಬಲ ಭಾಗಗಳನ್ನು ಬೆಸೆಯುವ ಸೇತುವೆ ಎಂದು ಪ್ರಚಾರಕರು ಹೇಳುತ್ತಾರೆ. ಮಹಾಮಸ್ತಿಷ್ಕದ ಎರಡು ಅರ್ಧಗೋಳಗಳನ್ನು ಬೆಸೆಯುವ ಪ್ರಧಾನ ನರತಂತುಗಳ ಕಟ್ಟು ಕಾರ್ಪಸ್ ಕ್ಯಾಲೋಸಮ್. ಅದು ಮಧ್ಯಮಿದುಳಿನ ಭಾಗವಲ್ಲ. ಅರ್ಧಗೋಳಗಳ ಕಾರ್ಯವಿಭಜನೆಯ ಕುರಿತ ಸಂಶೋಧನೆಗೆ ರೋಜರ್ ಸ್ಪೆರಿ 1981ರಲ್ಲಿ ನೊಬೆಲ್ ಪ್ರಶಸ್ತಿ ಪಡೆದರು. ಆದರೆ ವ್ಯಕ್ತಿಗಳನ್ನು ‘ಎಡಮಿದುಳಿನವರು’, ‘ಬಲಮಿದುಳಿನವರು’ ಎಂದು ವಿಂಗಡಿಸಲು ಆ ಸಂಶೋಧನೆ ಆಧಾರವಾಗುವುದಿಲ್ಲ. ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ವಿಜ್ಞಾನಿಗಳು 1,011 ಮಂದಿಯ ಮಿದುಳಿನ ಸ್ಕ್ಯಾನ್‌ಗಳನ್ನು ಅಧ್ಯಯನ ಮಾಡಿ 2013ರಲ್ಲಿ ಪ್ರಕಟಿಸಿದ ವರದಿಯಲ್ಲಿಯೂ ಅಂತಹ ವಿಂಗಡಣೆಗೆ ಪುರಾವೆ ದೊರೆಯಲಿಲ್ಲ.

ಆಲ್ಫಾ ತರಂಗಗಳು: ಜರ್ಮನಿಯ ಹಾನ್ಸ್ ಬರ್ಗರ್ 1929ರಲ್ಲಿ ಮಾನವ ಮಿದುಳಿನ ವಿದ್ಯುತ್ ಚಟುವಟಿಕೆಯ ದಾಖಲೆಯನ್ನು ಪ್ರಕಟಿಸಿದರು. ಸೆಕೆಂಡಿಗೆ ಸುಮಾರು 8ರಿಂದ 13 ಆವರ್ತನೆಯ ಆಲ್ಫಾ ತರಂಗಗಳು ಬಹುತೇಕ ಎಲ್ಲರಲ್ಲಿಯೂ ಕಣ್ಣು ಮುಚ್ಚಿ ನಿರಾಳವಾಗಿ ಕುಳಿತಾಗ ಕಾಣಿಸಿಕೊಳ್ಳುತ್ತವೆ. ಇದಕ್ಕೆ ಧ್ವನಿಮುದ್ರಿಕೆ ಬೇಕಿಲ್ಲ, ಇದು ಅಸಾಧಾರಣ ಶಕ್ತಿಯ ಲಕ್ಷಣವೂ ಅಲ್ಲ.

ಸಂಗೀತ ಮತ್ತು ಬುದ್ಧಿಮತ್ತೆ: ಮೊಜಾರ್ಟ್ ಸಂಗೀತ ಕೇಳಿದರೆ ಬುದ್ಧಿ ಬೆಳೆಯುತ್ತದೆಂಬ ಮಾತಿಗೆ ಮೂಲ 1993ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಕಿರುವರದಿ. ಅದರಲ್ಲಿ ಭಾಗವಹಿಸಿದವರು 36 ಮಂದಿ ಕಾಲೇಜು ವಿದ್ಯಾರ್ಥಿಗಳು, ಮಕ್ಕಳಲ್ಲ. ಕಂಡುಬಂದ ಪರಿಣಾಮವೂ 10–15 ನಿಮಿಷಕ್ಕಿಂತ ಹೆಚ್ಚು ಉಳಿಯಲಿಲ್ಲ.

ಕಣ್ಣಿಲ್ಲದೆ ನೋಡುವಿಕೆ: ಅಕ್ಷರಗಳನ್ನು ಓದಲು ಹಾಳೆಯಿಂದ ಹೊರಟ ಬೆಳಕು ಅಕ್ಷಿಪಟದ ಮೇಲೆ ಬಿಂಬ ಮೂಡಿಸಬೇಕು. ಚರ್ಮದಲ್ಲಾಗಲಿ ಮೂಗಿನಲ್ಲಾಗಲಿ ಬಿಂಬ ಮೂಡಿಸುವ ಮಸೂರವಿಲ್ಲ. ಇಂತಹ ಶಕ್ತಿ ನಿಜವಾಗಿದ್ದರೆ ಅದರ ಮೊದಲ ಫಲಾನುಭವಿಗಳು ಅಂಧ ಮಕ್ಕಳಾಗಬೇಕಿತ್ತು. ಬ್ರೈಲ್ ಲಿಪಿಯನ್ನೂ ಬಿಳಿಕೋಲನ್ನೂ ಅನಗತ್ಯವಾಗಿಸುವ ಅಂತಹ ಫಲಿತಾಂಶ ಎಲ್ಲಿಯೂ ಸಾಬೀತಾಗಿಲ್ಲ.

ಕಣ್ಣುಪಟ್ಟಿಯ ತಂತ್ರ

ಮೂಗು ಮುಖದಿಂದ ಮುಂದಕ್ಕೆ ಚಾಚಿಕೊಂಡಿರುವುದರಿಂದ ಸಾಧಾರಣ ಕಣ್ಣುಪಟ್ಟಿ ಅದರ ಎರಡೂ ಬದಿಗಳಲ್ಲಿ ಸಣ್ಣ ಸಂದಿಯನ್ನು ಬಿಡುತ್ತದೆ. ಕಣ್ಣಾಮುಚ್ಚಾಲೆ ಆಡಿದ ಯಾವ ಮಗುವಿಗೂ ಇದು ತಿಳಿದ ಸಂಗತಿ. ಪಟ್ಟಿ ಕಟ್ಟಿದವರು ಬೆರಳು ತೋರಿಸಿ ‘ಇದು ಎಷ್ಟು’ ಎಂದು ಕೇಳಿ ಖಚಿತಪಡಿಸಿಕೊಳ್ಳುವುದು ಇದೇ ಕಾರಣಕ್ಕೆ. ಕಾಶ್ಮೀರ ಮೂಲದ ಜಾದೂಗಾರ ಕುದಾ ಬಕ್ಸ್ ಅವರು ಕಣ್ಣಿಗೆ ಹಿಟ್ಟಿನ ಕಣಕ, ಹತ್ತಿ, ಬಟ್ಟೆಗಳ ಪದರಗಳನ್ನು ಸುತ್ತಿಸಿಕೊಂಡೂ ಓದಿ ತೋರಿಸಿ ವಿಶ್ವಖ್ಯಾತರಾಗಿದ್ದರು. ಪಟ್ಟಿ ಎಷ್ಟು ದಪ್ಪವೆಂಬುದಕ್ಕಿಂತ ಅದರ ಅಂಚು ಮುಖಕ್ಕೆ ಹೇಗೆ ಕೂರುತ್ತದೆ ಎಂಬುದೇ ಇಲ್ಲಿ ಮುಖ್ಯ.

ಅಮೆರಿಕದ ಲೇಖಕ ಮಾರ್ಟಿನ್ ಗಾರ್ಡ್ನರ್ 1966ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಈ ವಿಷಯವನ್ನು ವಿವರವಾಗಿ ಚರ್ಚಿಸಿದರು. ಕಣ್ಣುಪಟ್ಟಿಯನ್ನು ನಂಬಿ ಮಾಡಿದ ಪ್ರಯೋಗಗಳಿಗೆ ಬೆಲೆಯಿಲ್ಲ, ತಲೆಯನ್ನು ಪೂರ್ತಿಯಾಗಿ ಆವರಿಸಿ ಭುಜದ ಮೇಲೆ ಕೂರುವ ಹಗುರವಾದ ಪೆಟ್ಟಿಗೆಯನ್ನು ಬಳಸಬೇಕು ಎಂಬುದು ಅವರ ಸಲಹೆಯಾಗಿತ್ತು.

ಪ್ರದರ್ಶನಗಳಲ್ಲಿ ಕಂಡುಬರುವ ಕೆಲವು ಚರ್ಯೆಗಳು ಇಣುಕುವಿಕೆಯನ್ನು ಸೂಚಿಸುತ್ತವೆ. ಮಗು ವಸ್ತುವನ್ನು ಎದೆಯ ಮಟ್ಟದಲ್ಲಿ, ಮೂಗಿನ ನೇರಕ್ಕೆ ಹಿಡಿಯುತ್ತದೆ. ತಲೆಯನ್ನು ಹಿಂದಕ್ಕೋ ಪಕ್ಕಕ್ಕೋ ವಾಲಿಸುತ್ತದೆ. ‘ಮೂಸಿ ನೋಡುವ’ ನೆಪದಲ್ಲಿ ಹಾಳೆಯನ್ನು ಮುಖದ ಕೆಳಗೆ ತರುತ್ತದೆ. ಪಟ್ಟಿಯನ್ನು ಪದೇ ಪದೇ ಸರಿಪಡಿಸಿಕೊಳ್ಳುತ್ತದೆ. ವಸ್ತುವನ್ನು ಹಣೆಯ ಮೇಲಕ್ಕೆ ಅಥವಾ ತಲೆಯ ಹಿಂದಕ್ಕೆ ಒಯ್ದರೆ ಶಕ್ತಿ ಮಾಯವಾಗುತ್ತದೆ.

ಪ್ರದರ್ಶನ ಮತ್ತು ಪರೀಕ್ಷೆ

ಪ್ರದರ್ಶನದಲ್ಲಿ ಎಲ್ಲ ಷರತ್ತುಗಳೂ ಪ್ರದರ್ಶಕರ ಕೈಯಲ್ಲಿರುತ್ತವೆ. ಪರೀಕ್ಷೆಯಲ್ಲಿ ಬೇರೆ ವಿವರಣೆಗಳಿಗೆ ಅವಕಾಶವಿಲ್ಲದಂತೆ ಷರತ್ತುಗಳನ್ನು ಮೊದಲೇ ಒಪ್ಪಿಕೊಳ್ಳಲಾಗುತ್ತದೆ. ಇಲ್ಲಿ ಬೇಕಾಗುವ ಏರ್ಪಾಡು ಸರಳವಾದುದು: ಪರೀಕ್ಷಕರೇ ಒದಗಿಸಿದ, ಅಂಚಿನಲ್ಲಿ ಬೆಳಕು ನುಸುಳದ ಮುಸುಕು, ಅಪಾರದರ್ಶಕ ಲಕೋಟೆಯಲ್ಲಿಟ್ಟ ಕಾರ್ಡುಗಳು, ಯಾವ ಕಾರ್ಡು ಎಂಬುದು ಹಿಡಿದವರಿಗೂ ತಿಳಿಯದ ವ್ಯವಸ್ಥೆ, ಚೀಟಿ ಎತ್ತಿ ನಿರ್ಧರಿಸಿದ ಕ್ರಮ. ಐದು ಬಣ್ಣಗಳ ಕಾರ್ಡುಗಳನ್ನು 50 ಬಾರಿ ತೋರಿಸಿದರೆ ಕೇವಲ ಊಹೆಯಿಂದಲೇ ಸುಮಾರು 10 ಉತ್ತರಗಳು ಸರಿಯಾಗುತ್ತವೆ. ಇದಕ್ಕಿಂತ ಬಹಳ ಹೆಚ್ಚು ಸರಿಯುತ್ತರಗಳು ಮತ್ತೆ ಮತ್ತೆ ಬಂದರೆ ಮಾತ್ರ ಅದು ಗಮನಾರ್ಹ. ತರಬೇತಿಯನ್ನೇ ಪಡೆಯದ ಮಗುವಿಗೆ ಕಾರ್ಯಾಗಾರದ್ದೇ ಪಟ್ಟಿಯನ್ನು ಕಟ್ಟಿ ಓದಿಸಿ ನೋಡುವುದು ಇನ್ನೊಂದು ಉಪಯುಕ್ತ ಹೋಲಿಕೆ.

ವಿಫಲವಾದಾಗ ಮಗು ದಣಿದಿದೆ, ಅಭ್ಯಾಸ ಸಾಲದು, ಸಂಶಯ ಪಡುವವರ ಉಪಸ್ಥಿತಿಯಿಂದ ಶಕ್ತಿ ಕುಂದುತ್ತದೆ ಎಂಬ ಕಾರಣಗಳನ್ನು ನೀಡಲಾಗುತ್ತದೆ. ಯಾವ ಫಲಿತಾಂಶ ಬಂದರೂ ತಪ್ಪೆಂದು ತೋರಿಸಲಾಗದ ಇಂತಹ ವಾದಸರಣಿ ಹುಸಿವಿಜ್ಞಾನದ ಸಾಮಾನ್ಯ ಲಕ್ಷಣ.

ಕರ್ನಾಟಕದಲ್ಲಿ ವಿರೋಧ

ಅಸಾಧಾರಣ ಶಕ್ತಿಯ ಪ್ರತಿಪಾದನೆಗಳನ್ನು ಪರೀಕ್ಷೆಗೆ ಒಡ್ಡುವ ಪದ್ಧತಿಗೆ ಕರ್ನಾಟಕದಲ್ಲಿ ಗಟ್ಟಿಯಾದ ಹಿನ್ನೆಲೆಯಿದೆ. 1972ರಿಂದ 1977ರವರೆಗೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಭೌತವಿಜ್ಞಾನಿ ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳು ಹಾಗೂ ಪರಿಶೀಲಿಸಬಹುದಾದ ಇತರ ಮೂಢನಂಬಿಕೆಗಳ ತನಿಖೆಗಾಗಿ ಸಮಿತಿಯೊಂದನ್ನು ರಚಿಸಿದರು. ವೈಜ್ಞಾನಿಕ ಮನೋಭಾವವನ್ನು ಬೆಳೆಸಿಕೊಳ್ಳುವುದು ನಾಗರಿಕರ ಮೂಲಭೂತ ಕರ್ತವ್ಯವೆಂದು ಸಂವಿಧಾನದ 51ಎ(ಎಚ್) ವಿಧಿಯಲ್ಲಿ ಸೇರಿಸಿದ 42ನೆಯ ತಿದ್ದುಪಡಿಯೂ ಅದೇ ವರ್ಷದ್ದು. ನರಸಿಂಹಯ್ಯನವರು 1962ರಲ್ಲಿ ಆರಂಭಿಸಿದ ಬೆಂಗಳೂರು ವಿಜ್ಞಾನ ವೇದಿಕೆ ಜನಸಾಮಾನ್ಯರಿಗೆ ವಿಜ್ಞಾನ ಉಪನ್ಯಾಸಗಳನ್ನು ಏರ್ಪಡಿಸುತ್ತಾ ಬಂದಿದೆ.

ಮಂಗಳೂರಿನ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನಲ್ಲಿ ಜೀವರಸಾಯನ ವಿಜ್ಞಾನದ ಅಧ್ಯಾಪಕರಾಗಿದ್ದ ನರೇಂದ್ರ ನಾಯಕ್ ಈ ಪದ್ಧತಿಯನ್ನು ಮುಂದುವರಿಸಿದವರಲ್ಲಿ ಒಬ್ಬರು. ಭಾರತೀಯ ವಿಚಾರವಾದಿ ಸಂಘಗಳ ಒಕ್ಕೂಟದ ಮೂಲಕ ಅವರು ಮಿಡ್‌ಬ್ರೈನ್ ತರಬೇತುದಾರರಿಗೆ ನಿಯಂತ್ರಿತ ಪರಿಸ್ಥಿತಿಯಲ್ಲಿ ಸಾಮರ್ಥ್ಯ ತೋರಿಸುವಂತೆ ಬಹಿರಂಗ ಸವಾಲು ಹಾಕಿದರು. ಸಂದಿಯಿಂದ ಇಣುಕುವ ತಂತ್ರವನ್ನು ಶಾಲೆ ಮತ್ತು ಸಾರ್ವಜನಿಕ ಸಭೆಗಳಲ್ಲಿ ವಿವರಿಸಿದರು.

ಮಕ್ಕಳ ಮೇಲಿನ ಪರಿಣಾಮ

ಟೀಕಾಕಾರರ ದೃಷ್ಟಿಯಲ್ಲಿ ಹಣದ ನಷ್ಟಕ್ಕಿಂತ ಗಂಭೀರವಾದುದು ಮಗುವಿನ ಪ್ರಾಮಾಣಿಕತೆಗೆ ಬೀಳುವ ಪೆಟ್ಟು. ಮಗುವಿಗೆ ಸಂದಿಯಿಂದ ಕಾಣುತ್ತದೆ; ಕಂಡದ್ದನ್ನು ಹೇಳಿದಾಗ ಹೊಗಳಿಕೆ ದೊರೆಯುತ್ತದೆ; ಉಳಿದ ಮಕ್ಕಳೂ ಹಾಗೆಯೇ ಹೇಳುತ್ತಿರುತ್ತಾರೆ. ಎಲ್ಲರ ಮಧ್ಯಮಿದುಳೂ ಜಾಗೃತವಾಗಿರುವಾಗ ತನ್ನದು ಮಾತ್ರ ಆಗಿಲ್ಲವೆಂದು ಒಪ್ಪಿಕೊಳ್ಳುವುದು ಎಂಟು ವರ್ಷದ ಮಗುವಿಗೆ ಸುಲಭವಲ್ಲ. ತಂದೆತಾಯಿಗಳ ಸಂತೋಷವನ್ನು ಕಂಡ ಮೇಲೆ ನಿಜ ಹೇಳುವುದು ಇನ್ನಷ್ಟು ಕಷ್ಟವಾಗುತ್ತದೆ. ಹೀಗಾಗಿ ಮಗುವನ್ನು ವಂಚಕನೆಂದು ದೂಷಿಸದೆ, ಇಂತಹ ಸನ್ನಿವೇಶವನ್ನು ನಿರ್ಮಿಸಿದ ಹಿರಿಯರನ್ನೇ ಹೊಣೆಯಾಗಿಸಬೇಕೆಂಬುದು ಅವರ ವಾದ. ಓದುವ ತೊಂದರೆ, ದೃಷ್ಟಿದೋಷ ಅಥವಾ ಏಕಾಗ್ರತೆಯ ಸಮಸ್ಯೆಯಿರುವ ಮಗು ಇಂತಹ ತರಬೇತಿಯಲ್ಲಿ ಕಾಲ ಕಳೆದರೆ ವೈದ್ಯರು ಮತ್ತು ಮನೋವಿಜ್ಞಾನಿಗಳಿಂದ ದೊರೆಯಬೇಕಾದ ನಿಜವಾದ ನೆರವು ತಡವಾಗುತ್ತದೆ.

ಪೋಷಕರು ವಿದ್ಯಾವಂತರಾಗಿದ್ದರೂ ಮೋಸಹೋಗುವುದಕ್ಕೆ ಕಾರಣಗಳಿವೆ. ಕೊಟ್ಟ ಹಣ ವ್ಯರ್ಥವಾಯಿತೆಂದು ಒಪ್ಪಲು ಮನಸ್ಸು ಹಿಂಜರಿಯುತ್ತದೆ. ಬೆಳೆಯುವ ಮಗುವಿನಲ್ಲಿ ಸಹಜವಾಗಿ ಕಾಣುವ ಪ್ರಗತಿಯನ್ನೂ ತರಬೇತಿಯ ಫಲವೆಂದು ಭಾವಿಸಲಾಗುತ್ತದೆ. ತಮ್ಮ ಮಗುವೇ ತಮ್ಮೆದುರು ಸುಳ್ಳಾಡಬಹುದೆಂಬ ಸಂಶಯ ಅವರಿಗೆ ಸುಳಿಯುವುದಿಲ್ಲ.

ಕಾನೂನು

ಮಿಡ್‌ಬ್ರೈನ್ ಆ್ಯಕ್ಟಿವೇಷನ್ ತರಬೇತಿಗಳಿಗೆ ಗ್ರಾಹಕ ಕಾನೂನು ಅನ್ವಯಿಸಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಸೇವೆಯ ಗುಣಮಟ್ಟದ ಬಗ್ಗೆ ದಾರಿತಪ್ಪಿಸುವ ಜಾಹೀರಾತು ನೀಡಿದವರಿಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 10 ಲಕ್ಷ ರೂಪಾಯಿವರೆಗೆ, ಪುನರಾವರ್ತಿಸಿದರೆ 50 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. 2022ರ ಜೂನ್‌ನಲ್ಲಿ ಜಾರಿಗೆ ಬಂದ ಮಾರ್ಗಸೂಚಿಗಳು, ಸಾಕಷ್ಟು ವೈಜ್ಞಾನಿಕ ಆಧಾರವಿಲ್ಲದೆ ಬುದ್ಧಿಶಕ್ತಿ ಹೆಚ್ಚಿಸುವುದಾಗಿ ಹೇಳುವ, ಮಕ್ಕಳನ್ನು ಗುರಿಯಾಗಿಸಿದ ಜಾಹೀರಾತುಗಳನ್ನು ನಿಷೇಧಿಸುತ್ತವೆ. ನೊಂದ ಗ್ರಾಹಕರು ಎರಡು ವರ್ಷಗಳೊಳಗೆ ಜಿಲ್ಲಾ ಗ್ರಾಹಕರ ವ್ಯಾಜ್ಯ ಪರಿಹಾರ ಆಯೋಗಕ್ಕೆ ದೂರು ಸಲ್ಲಿಸಬಹುದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ರಸೀದಿ, ಕರಪತ್ರ, ಜಾಹೀರಾತಿನ ಪ್ರತಿ ಹಾಗೂ ಸಂದೇಶಗಳು ಇಂತಹ ದೂರುಗಳಲ್ಲಿ ಮುಖ್ಯ ದಾಖಲೆಗಳಾಗುತ್ತವೆ.

ಸಂಬಂಧಿತ ಹುಸಿವಿಜ್ಞಾನ

ಬೆರಳಚ್ಚಿನ ಗೆರೆಗಳಿಂದ ಮಗುವಿನ ಸಹಜ ಪ್ರತಿಭೆ, ಸೂಕ್ತವಾದ ವೃತ್ತಿಗಳನ್ನು ತಿಳಿಸುವುದಾಗಿ ಹೇಳುವ ಡಿಎಂಐಟಿ ಪರೀಕ್ಷೆಯೂ ಇದೇ ಮಾರುಕಟ್ಟೆಯಲ್ಲಿ ಚಲಾವಣೆಯಲ್ಲಿದೆ. ಅದು ಹೊವಾರ್ಡ್ ಗಾರ್ಡ್ನರ್ 1983ರಲ್ಲಿ ಮಂಡಿಸಿದ ಬಹುಬುದ್ಧಿಮತ್ತೆಯ ಸಿದ್ಧಾಂತದ ಹೆಸರನ್ನು ಬಳಸಿಕೊಳ್ಳುತ್ತದೆ. ಬೆರಳ ಗೆರೆಗಳಿಗೂ ಆ ಸಿದ್ಧಾಂತಕ್ಕೂ ಸಂಬಂಧವಿಲ್ಲ. ಭಾರತೀಯ ಮನೋವೈದ್ಯರ ಸಂಘವು ಈ ಪರೀಕ್ಷೆಗೆ ವೈಜ್ಞಾನಿಕ ಆಧಾರವಿಲ್ಲವೆಂದು ತಿಳಿಸಿದೆ.

ಇವನ್ನೂ ನೋಡಿ

ಹುಸಿವಿಜ್ಞಾನ
ಎಚ್. ನರಸಿಂಹಯ್ಯ
ನರೇಂದ್ರ ನಾಯಕ್
ವೈಜ್ಞಾನಿಕ ಮನೋಭಾವ
ಮಧ್ಯಮಿದುಳು